ಜರ್ಮನ್ ಕೋಟಿನ ತೋಳಿನ ಮೇಲೆ ‘ಜಿಬ್ರಾಲ್ಟರ್’ ಯಾಕೆ? ಹಳೆ ಸೈನಿಕ ಸಮವಸ್ತ್ರ ಓದುವ ಬಗೆ

ಹ್ಯಾನೋವರ್‌ನ ಲೈನೆ ನದಿಯ ದಡದಲ್ಲಿ ಪ್ರತಿ ಶನಿವಾರ ಹಳೆ ಸಾಮಾನಿನ ಸಂತೆ ಸೇರುತ್ತದೆ. 1967ರಲ್ಲಿ ಶುರುವಾದ ಈ ಸಂತೆ ಜರ್ಮನಿಯಲ್ಲೇ ಅತಿ ಹಳೆಯದು ಅನ್ನುತ್ತಾರೆ. ಆ ಊರಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ಈಚೆಗೆ ಅಲ್ಲಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದಳು. ತಿಳಿನೀಲಿ ಬಣ್ಣದ ಒಂದು ಗೇಣು ಬಟ್ಟೆ ಪಟ್ಟಿ. ಅದರ ಮೇಲೆ ಹಳದಿ ಅಕ್ಷರದಲ್ಲಿ ‘ಜಿಬ್ರಾಲ್ಟರ್’ ಅಂತ ಬರೆದಿತ್ತು, ಸ್ಪೇನಿನ ದಕ್ಷಿಣ ತುದಿಯಲ್ಲಿರುವ ಬಂಡೆಯ ಹೆಸರು. ಕೆಳಗೆ ಅವಳ ಪ್ರಶ್ನೆ: “ಮಾಮ, ಇದು ಜರ್ಮನ್ ಸೈನಿಕನ ಕೋಟಿನದ್ದಂತೆ. ಜಿಬ್ರಾಲ್ಟರ್ ಬ್ರಿಟಿಷರದ್ದಲ್ವಾ? ಇದು ಹಿಟ್ಲರ್ ಕಾಲದ್ದಾ? ತಗೋಬಹುದಾ?”

ಇವತ್ತು ಜರ್ಮನಿಯ ಊರೂರಲ್ಲಿ ಓದೋಕೆ, ಕೆಲಸಕ್ಕೆ ಹೋದ ಕನ್ನಡದವರಿದ್ದಾರೆ. ವಾರದ ಕೊನೆಯಲ್ಲಿ ಸಂತೆ ಸುತ್ತುವಾಗ ಇಂಥ ವಸ್ತುಗಳು ಅವರ ಕಣ್ಣಿಗೆ ಬೀಳುತ್ತವೆ. ಮೊನೆ ಇರುವ ಹೆಲ್ಮೆಟ್, ಕಪ್ಪು ಶಿಲುಬೆಯ ಪದಕ, ಗುಂಡಿ ಸಾಲಿನ ನೀಲಿ ಕೋಟು. ಒಂದು ಕಡೆ ಕುತೂಹಲ, ಇನ್ನೊಂದು ಕಡೆ ಮುಟ್ಟಿದರೆ ತಪ್ಪಾಗುತ್ತದೇನೋ ಅನ್ನೋ ಅಳುಕು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

## ಮೊದಲು ತಿಳಿಯಬೇಕಾದದ್ದು: ಯಾವ ಜರ್ಮನಿ?

ಜರ್ಮನ್ ಸಮವಸ್ತ್ರ ಅಂದ ತಕ್ಷಣ ನಮಗೆ ಹಿಟ್ಲರ್ ನೆನಪಾಗುತ್ತಾನೆ. ಆದರೆ ಹಳೆ ವಸ್ತು ಕೂಡಿಸುವವರ ಲೋಕದಲ್ಲಿ ಗೆರೆ ಬೀಳುವುದು 1918ರಲ್ಲಿ. ಆ ವರ್ಷ ಮೊದಲ ಮಹಾಯುದ್ಧ ಮುಗಿಯಿತು, ಜರ್ಮನ್ ಚಕ್ರವರ್ತಿ ಎರಡನೇ ವಿಲ್‌ಹೆಲ್ಮ್ ಪಟ್ಟ ಬಿಟ್ಟ. ಅಲ್ಲಿಗೆ ಹಳೆಯ ಸಾಮ್ರಾಜ್ಯದ ಸೇನೆಯೂ ಮುಗಿಯಿತು. 1919ರ ವರ್ಸೇಲ್ಸ್ ಒಪ್ಪಂದ ಜರ್ಮನಿಗೆ ಒಂದು ಲಕ್ಷ ಜನರ ಸೇನೆ ಮಾತ್ರ ಸಾಕು ಅಂದಿತು. ನೂರಾರು ರೆಜಿಮೆಂಟ್‌ಗಳು ಕಣ್ಮರೆಯಾದವು. ನಾಜಿಗಳು ಅಧಿಕಾರ ಹಿಡಿದದ್ದು 1933ರಲ್ಲಿ, ಅಂದರೆ ಹದಿನೈದು ವರ್ಷ ಆದಮೇಲೆ. ಈ ಬರಹ 1918ಕ್ಕೆ ಮುಂಚಿನ ವಸ್ತುಗಳ ಬಗ್ಗೆ.

ಆ ಹಳೆ ಜರ್ಮನಿ ಒಂದೇ ಅಚ್ಚಿನ ದೇಶ ಆಗಿರಲಿಲ್ಲ. 1871ರಲ್ಲಿ ಹುಟ್ಟಿದ ಜರ್ಮನ್ ಸಾಮ್ರಾಜ್ಯ 25 ರಾಜ್ಯಗಳ ಒಕ್ಕೂಟ. ಅದರಲ್ಲಿ ನಾಲ್ಕು ದೊಡ್ಡ ರಾಜ್ಯಗಳಿಗೆ ಅವರವರ ರಾಜರೇ ಇದ್ದರು: ಪ್ರಷ್ಯಾ, ಬವೇರಿಯಾ, ಸ್ಯಾಕ್ಸನಿ, ವುರ್ಟೆಂಬರ್ಗ್. ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್ ಅನ್ನೋ ಮೂರು ಊರುಗಳಿಗೆ ರಾಜನೇ ಇರಲಿಲ್ಲ. ಪ್ರಷ್ಯಾದ ರಾಜನೇ ಎಲ್ಲರ ಮೇಲಿನ ಚಕ್ರವರ್ತಿ. ನಾಲ್ಕೂ ರಾಜರಿಗೆ ಅವರವರ ಸೇನೆ, ಅವರವರ ಯುದ್ಧ ಮಂತ್ರಾಲಯ ಇತ್ತು. ಯುದ್ಧ ಬಂದರೆ ಎಲ್ಲರೂ ಚಕ್ರವರ್ತಿಯ ಮಾತಿನಂತೆ ನಡೆಯಬೇಕು.

ಬ್ರಿಟಿಷರ ಕಾಲದಲ್ಲಿ ನಮ್ಮ ಮೈಸೂರು, ಹೈದರಾಬಾದ್, ಜೋಧಪುರ ಸಂಸ್ಥಾನಗಳಿಗೆ ತಮ್ಮದೇ ಕುದುರೆ ಪಡೆ ಇದ್ದದ್ದನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ದರ್ಜೆ ಬೇರೆ, ಅಧಿಕಾರ ಬೇರೆ. ಆದರೆ ಪ್ರತಿ ರಾಜನಿಗೂ ತನ್ನ ಲಾಂಛನ, ತನ್ನ ಬಣ್ಣ ಬೇಕು ಅನ್ನೋದು ಎರಡೂ ಕಡೆ ಒಂದೇ. ಅದಕ್ಕೇ ಹಳೆ ಜರ್ಮನ್ ಸಮವಸ್ತ್ರಗಳಲ್ಲಿ ಅಷ್ಟೊಂದು ಬಗೆ. ಪ್ರಷ್ಯಾದ ಕಾಲಾಳು ಗಾಢ ನೀಲಿ ಕೋಟು ತೊಟ್ಟರೆ ಬವೇರಿಯಾದವನದು ತಿಳಿನೀಲಿ. ಸಂಗ್ರಹಕಾರರು ಒಂದು ಜೀವಮಾನ ಇದರಲ್ಲೇ ಮುಳುಗಿರೋದು ಸುಮ್ನೆ ಅಲ್ಲ.

## ರೆಜಿಮೆಂಟ್ ಅಂದರೆ ಒಂದು ಮನೆತನ

ರೆಜಿಮೆಂಟ್ ಅಂದರೆ ಸುಮಾರು ಎರಡು ಮೂರು ಸಾವಿರ ಜನರ ಒಂದು ಪಡೆ. ಕಾಲಾಳು ರೆಜಿಮೆಂಟ್‌ನಲ್ಲಿ ಸಾಮಾನ್ಯವಾಗಿ ಮೂರು ಬೆಟಾಲಿಯನ್, ಹನ್ನೆರಡು ಕಂಪನಿ ಇರುತ್ತಿದ್ದವು. ಒಂದು ಊರಲ್ಲಿ ಅದರ ಠಾಣ್ಯ. ಸುತ್ತಮುತ್ತಲ ಹಳ್ಳಿಗಳ ಹುಡುಗರೇ ಅದಕ್ಕೆ ಸೇರುತ್ತಿದ್ದರು. ಅಪ್ಪ ಇದ್ದ ರೆಜಿಮೆಂಟ್‌ಗೇ ಮಗನೂ ಹೋಗುವುದು ಸಾಮಾನ್ಯವಾಗಿತ್ತು.

ಹೀಗಾಗಿ ರೆಜಿಮೆಂಟ್‌ಗೆ ಮನೆತನದ ಗುಣ ಬರುತ್ತದೆ. ಮನೆತನಕ್ಕೆ ಹೆಸರಿರುತ್ತದೆ, ಹಿರಿಯರು ಮಾಡಿದ ಕೆಲಸದ ಹೆಮ್ಮೆ ಇರುತ್ತದೆ. ಆ ಹೆಮ್ಮೆಯನ್ನು ಕಣ್ಣಿಗೆ ಕಾಣುವಂತೆ ತೊಡುವುದೇ ರೆಜಿಮೆಂಟಿನ ಗೌರವ. ಇದು ಒಬ್ಬ ಸೈನಿಕನಿಗೆ ಸಿಕ್ಕ ಪದಕ ಅಲ್ಲ. ಇಡೀ ಪಡೆಗೆ ಸಿಕ್ಕ ಬಿರುದು. ಆ ಪಡೆಗೆ ನಿನ್ನೆ ಸೇರಿದ ಹುಡುಗನೂ ಅದನ್ನು ತೊಡಬಹುದು.

ನಮ್ಮಲ್ಲೇ ಇದಕ್ಕೆ ಒಳ್ಳೆ ಉದಾಹರಣೆ ಇದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಪಡೆಗಳು ಈಗಿನ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದವು. ಎದುರಿಗೆ ಇದ್ದದ್ದು ತುರ್ಕಿ ಸೇನೆ, ಜೊತೆಗೆ ಜರ್ಮನರು. ಸೆರೆ ಸಿಕ್ಕವರಲ್ಲಿ ಇಬ್ಬರು ಜರ್ಮನ್ ಅಧಿಕಾರಿಗಳೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇವತ್ತಿಗೂ ನಿಂತಿದೆ. ಆದರೆ ಮೈಸೂರು ಲ್ಯಾನ್ಸರ್ಸ್ ಅನ್ನೋ ಪಡೆಯೇ ಈಗ ಇಲ್ಲ. ಸ್ವಾತಂತ್ರ್ಯ ಬಂದಮೇಲೆ ಸಂಸ್ಥಾನಗಳ ಕುದುರೆ ಪಡೆಗಳನ್ನು ಸೇರಿಸಿ 1953ರಲ್ಲಿ 61ನೇ ಕ್ಯಾವಲ್ರಿ ಮಾಡಿದರು. ‘ಹೈಫಾ’ ಅನ್ನೋ ಗೌರವ ಈಗ ಅವರ ಬಳಿ ಇದೆ, ಪ್ರತಿ ವರ್ಷ ಹೈಫಾ ದಿನ ಆಚರಿಸುತ್ತಾರೆ. ಪಡೆ ಹೋಯಿತು, ಬಿರುದು ವಾರಸುದಾರರಿಗೆ ಬಂತು. ಇದನ್ನು ನೆನಪಿಟ್ಟುಕೊಳ್ಳಿ. ಜಿಬ್ರಾಲ್ಟರ್ ಪಟ್ಟಿಯ ಗುಟ್ಟು ಇಲ್ಲೇ ಇದೆ.

ಇಂಥ ಬಿರುದನ್ನು ಎಲ್ಲಿ ತೊಡುತ್ತಿದ್ದರು? ಬ್ರಿಟಿಷರು ಸಾಮಾನ್ಯವಾಗಿ ರೆಜಿಮೆಂಟಿನ ಬಾವುಟದ ಮೇಲೆ ಯುದ್ಧದ ಹೆಸರನ್ನು ಹೊಲಿಸುತ್ತಿದ್ದರು. ಜರ್ಮನರು ಬಾವುಟದ ಕೋಲಿಗೆ ರಿಬ್ಬನ್ ಕಟ್ಟುತ್ತಿದ್ದರು, ಹೆಲ್ಮೆಟ್ ಮೇಲೆ ಯುದ್ಧದ ಹೆಸರಿನ ಲೋಹದ ಪಟ್ಟಿ ಹಾಕುತ್ತಿದ್ದರು. ಉದಾಹರಣೆಗೆ ಪ್ರಷ್ಯಾದ 9ನೇ ಗ್ರೆನೇಡಿಯರ್ ರೆಜಿಮೆಂಟ್‌ನ ಹೆಲ್ಮೆಟ್ ಮೇಲೆ ‘ಕೋಲ್‌ಬರ್ಗ್ 1807’ ಅಂತ ಇತ್ತು. ನೆಪೋಲಿಯನ್ ಸೇನೆಗೆ ಮಣಿಯದೆ ಕೋಲ್‌ಬರ್ಗ್ ಕೋಟೆ ಕಾದ ನೆನಪು ಅದು. ಕೋಟಿನ ತೋಳಿನ ಮೇಲೆ ಹೆಸರು ತೊಡೋದು ಮಾತ್ರ ಅಪರೂಪ.

## ಜಿಬ್ರಾಲ್ಟರ್, ಕಡಲೂರು ಮತ್ತು ಒಬ್ಬನೇ ರಾಜ

ಈಗ ಅಸಲು ಪ್ರಶ್ನೆಗೆ ಬರೋಣ.

ಹದಿನೆಂಟನೇ ಶತಮಾನದಲ್ಲಿ ಬ್ರಿಟನ್ನಿನ ರಾಜ ಮೂರನೇ ಜಾರ್ಜ್ ಜರ್ಮನಿಯ ಹ್ಯಾನೋವರ್ ಪ್ರಾಂತ್ಯಕ್ಕೂ ಒಡೆಯ. ಒಬ್ಬನೇ ಯಜಮಾನ, ಎರಡು ಮನೆ. ಬ್ರಿಟನ್‌ಗೆ ಸೈನಿಕರು ಸಾಲದೆ ಬಂದಾಗ ಹ್ಯಾನೋವರ್ ಮನೆಯಿಂದ ಕಳಿಸುತ್ತಿದ್ದ.

1779ರಲ್ಲಿ ಸ್ಪೇನ್ ಮತ್ತು ಫ್ರಾನ್ಸ್ ಸೇರಿ ಬ್ರಿಟಿಷರ ಕೈಲಿದ್ದ ಜಿಬ್ರಾಲ್ಟರ್ ಬಂಡೆಗೆ ಮುತ್ತಿಗೆ ಹಾಕಿದವು. ಮುತ್ತಿಗೆ ನಡೆದದ್ದು ಮೂರೂವರೆ ವರ್ಷಕ್ಕೂ ಜಾಸ್ತಿ, 1783ರವರೆಗೆ. ಜನರಲ್ ಎಲಿಯಟ್ ಕೈಕೆಳಗೆ ಕೋಟೆ ಕಾದವರಲ್ಲಿ ಹ್ಯಾನೋವರ್‌ನ ಮೂರು ರೆಜಿಮೆಂಟ್‌ಗಳಿದ್ದವು: ಹಾರ್ಡನ್‌ಬರ್ಗ್, ರೇಡೆನ್, ದ ಲಾ ಮೊಟ್. ಕೋಟೆ ಉಳಿಯಿತು. ರಾಜ ಮೆಚ್ಚಿ ಈ ಮೂರು ಪಡೆಗಳಿಗೆ ತೋಳಿನ ಮೇಲೆ ‘ಜಿಬ್ರಾಲ್ಟರ್’ ಪಟ್ಟಿ ತೊಡುವ ಗೌರವ ಕೊಟ್ಟ.

ಇಲ್ಲೇ ನಮ್ಮ ನಾಡಿಗೆ ಒಂದು ನಂಟು ಇದೆ. ಅದೇ ಹೊತ್ತಿಗೆ ಮದ್ರಾಸಿನ ಕಡೆ ಬ್ರಿಟಿಷರು ಹೈದರ್ ಅಲಿಯ ಜೊತೆ ಎರಡನೇ ಮೈಸೂರು ಯುದ್ಧದಲ್ಲಿ ಸಿಕ್ಕಿಕೊಂಡಿದ್ದರು. ಅಲ್ಲಿಗೂ ಜನ ಬೇಕಾಯಿತು. ಈಸ್ಟ್ ಇಂಡಿಯಾ ಕಂಪನಿಗಾಗಿ ಹ್ಯಾನೋವರ್‌ನಲ್ಲಿ ಇನ್ನೂ ಎರಡು ರೆಜಿಮೆಂಟ್ ಕಟ್ಟಿ ಹಡಗು ಹತ್ತಿಸಿದರು. 1783ರ ಜೂನ್‌ನಲ್ಲಿ ಅವರು ಕಡಲೂರಿನ ಕಾಳಗದಲ್ಲಿ ಇದ್ದರು. ಎದುರಿಗೆ ಫ್ರೆಂಚರು, ಅವರ ಬೆನ್ನಿಗೆ ಮೈಸೂರಿನ ಪಡೆ. ಅಂದರೆ ಹ್ಯಾನೋವರ್‌ನ ಒಂದು ಹಳ್ಳಿಯ ಇಬ್ಬರು ಹುಡುಗರಲ್ಲಿ ಒಬ್ಬ ಜಿಬ್ರಾಲ್ಟರ್ ಬಂಡೆಯ ಮೇಲೆ ಹಸಿದು ಕೂತಿದ್ದರೆ ಇನ್ನೊಬ್ಬ ಕಡಲೂರಿನ ಬಿಸಿಲಲ್ಲಿ ಟಿಪ್ಪುವಿನ ಮಿತ್ರರ ಎದುರು ನಿಂತಿರಬಹುದು. ಜರ್ಮನ್ ರೆಜಿಮೆಂಟಿನ ಚರಿತ್ರೆ ಓದುತ್ತಾ ಹೋದವನಿಗೆ ಮೈಸೂರಿನ ಹೆಸರು ಎದುರಾದಾಗ ಆಗುವ ಬೆರಗನ್ನು ನಾನು ಇನ್ನೂ ಮರೆತಿಲ್ಲ.

ಮುಂದೆ ಹ್ಯಾನೋವರ್ ತಾನೇ ಒಂದು ರಾಜ್ಯವಾಯಿತು. ಆದರೆ 1866ರ ಯುದ್ಧದಲ್ಲಿ ಪ್ರಷ್ಯಾ ಅದನ್ನು ನುಂಗಿತು. ಹ್ಯಾನೋವರ್‌ನ ಸೇನೆ ಮುಗಿಯಿತು, ಹೊಸ ಪ್ರಷ್ಯನ್ ರೆಜಿಮೆಂಟ್‌ಗಳು ಬಂದವು. ಸೋತ ಊರಿನ ಜನರ ಮನಸ್ಸು ಗೆಲ್ಲಬೇಕಿತ್ತು. 1899ರಲ್ಲಿ ಚಕ್ರವರ್ತಿ ವಿಲ್‌ಹೆಲ್ಮ್ ಹಳೆ ಹ್ಯಾನೋವರ್ ಪಡೆಗಳ ಪರಂಪರೆಯನ್ನು ಆ ಪ್ರಾಂತ್ಯದ ಪ್ರಷ್ಯನ್ ಪಡೆಗಳಿಗೆ ವಹಿಸಿಕೊಟ್ಟ. 1901ರಲ್ಲಿ ಜಿಬ್ರಾಲ್ಟರ್ ಪಟ್ಟಿಯನ್ನು ಮೂರು ಪಡೆಗಳಿಗೆ ಕೊಟ್ಟ: ಹ್ಯಾನೋವರ್‌ನ 73ನೇ ಫ್ಯೂಸಿಲಿಯರ್ ರೆಜಿಮೆಂಟ್, ಹಿಲ್ಡೆಸ್‌ಹೈಮ್‌ನ 79ನೇ ಕಾಲಾಳು ರೆಜಿಮೆಂಟ್, ಗೋಸ್ಲಾರ್‌ನ 10ನೇ ಯೇಗರ್ ಬೆಟಾಲಿಯನ್. ಫ್ಯೂಸಿಲಿಯರ್ ಅಂದರೆ ಹಳೆ ಹೆಸರು ಉಳಿಸಿಕೊಂಡ ಕಾಲಾಳು. ಯೇಗರ್ ಅಂದರೆ ಬೇಟೆಗಾರ, ಹಗುರ ಪಡೆಯವನು.

1914ರಲ್ಲಿ ಯುದ್ಧ ಬಂದಾಗ ಈ ಮೂರೂ ಪಡೆಗಳು ಬ್ರಿಟಿಷ್ ರಾಜನಿಗಾಗಿ ಗೆದ್ದ ಗೌರವವನ್ನು ಬಲತೋಳಿನ ಮೇಲೆ ತೊಟ್ಟೇ ಬ್ರಿಟನ್ನಿನ ವಿರುದ್ಧ ಯುದ್ಧಕ್ಕೆ ಹೋದವು. ಬ್ರಿಟಿಷರ ಕಡೆ ಸಫೋಕ್ ರೆಜಿಮೆಂಟ್ ಇತ್ತು. ಅದಕ್ಕೂ ‘ಜಿಬ್ರಾಲ್ಟರ್’ ಗೌರವ ಇತ್ತು, ಅದೇ ಮುತ್ತಿಗೆಗೆ. ಅದೇ ಸಫೋಕ್ ರೆಜಿಮೆಂಟಿನ ಗೌರವಗಳ ಸಾಲಿನಲ್ಲಿ ‘ಸೆರಿಂಗಪಟಂ’ ಕೂಡ ಇದೆ, 1799ರಲ್ಲಿ ನಮ್ಮ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ್ದಕ್ಕೆ. ಒಬ್ಬರ ಗೌರವ ಇನ್ನೊಬ್ಬರ ಗಾಯ ಅನ್ನೋದು ಇಲ್ಲಿ ನಮಗೆ ನೇರವಾಗಿ ತಟ್ಟುತ್ತದೆ.

## ಕೋಟನ್ನು ಪಿನ್‌ಕೋಡಿನಂತೆ ಓದಿ

ಪಿನ್‌ಕೋಡಿನ ಮೊದಲ ಅಂಕಿ ವಲಯ ಹೇಳುತ್ತದೆ, ಮುಂದಿನವು ಜಿಲ್ಲೆಯ ಕಡೆ ಕರೆದೊಯ್ಯುತ್ತವೆ, ಕೊನೆಯವು ಅಂಚೆ ಕಚೇರಿಗೆ ಮುಟ್ಟಿಸುತ್ತವೆ. ಹಳೆ ಜರ್ಮನ್ ಸಮವಸ್ತ್ರವೂ ಹಾಗೇ. ಸರಿಯಾದ ಕ್ರಮದಲ್ಲಿ ನೋಡಿದರೆ ರಾಜ್ಯದಿಂದ ಹಿಡಿದು ಕಂಪನಿಯವರೆಗೆ ಹೋಗಬಹುದು.

ರಾಜ್ಯ ಗೊತ್ತಾಗುವುದು ಟೋಪಿಯ ಕೋಕಾರ್ಡ್‌ನಿಂದ. ಕೋಕಾರ್ಡ್ ಅಂದರೆ ಬಣ್ಣದ ಸುತ್ತುಗಳಿರುವ ಸಣ್ಣ ಬಿಲ್ಲೆ. 1897ರಿಂದ ಎರಡು ಕೋಕಾರ್ಡ್ ಬಂದವು. ಒಂದು ಇಡೀ ಸಾಮ್ರಾಜ್ಯದ್ದು, ಕಪ್ಪು-ಬಿಳಿ-ಕೆಂಪು. ಇನ್ನೊಂದು ರಾಜ್ಯದ್ದು. ಪ್ರಷ್ಯಾಕ್ಕೆ ಕಪ್ಪು-ಬಿಳಿ, ಬವೇರಿಯಾಕ್ಕೆ ಬಿಳಿ-ನೀಲಿ, ಸ್ಯಾಕ್ಸನಿಗೆ ಬಿಳಿ-ಹಸಿರು, ವುರ್ಟೆಂಬರ್ಗ್‌ಗೆ ಕಪ್ಪು-ಕೆಂಪು.

ಆಮೇಲೆ ಭುಜ ನೋಡಿ. ಭುಜಪಟ್ಟಿಯ ಮೇಲೆ ರೆಜಿಮೆಂಟಿನ ಸಂಖ್ಯೆ ಇರುತ್ತದೆ, ಇಲ್ಲವೇ ಆ ರೆಜಿಮೆಂಟಿಗೆ ಗೌರವ ಒಡೆಯರಾದ ರಾಜ ರಾಣಿಯರ ಹೆಸರಿನ ಅಕ್ಷರಗಳ ಹೆಣಿಗೆ. ನೀಲಿ ಕೋಟಿನಲ್ಲಿ ಪಟ್ಟಿಯ ಬಣ್ಣ ಆ ರೆಜಿಮೆಂಟ್ ಯಾವ ದೊಡ್ಡ ಪಡೆಗೆ, ಅಂದರೆ ಯಾವ ಕೋರ್‌ಗೆ ಸೇರಿದ್ದು ಅಂತ ಹೇಳುತ್ತದೆ. ಹ್ಯಾನೋವರ್‌ನ 10ನೇ ಕೋರ್‌ಗೆ ಬಿಳಿ. ಒಂದು ಎಚ್ಚರಿಕೆ: ಪ್ರಷ್ಯಾ, ಸ್ಯಾಕ್ಸನಿ, ವುರ್ಟೆಂಬರ್ಗ್ ಮೂರೂ ಸೇರಿ ಒಂದೇ ಸಾಲಿನ ಸಂಖ್ಯೆ, 182ರವರೆಗೆ. ಬವೇರಿಯಾ ಮಾತ್ರ ತನ್ನದೇ ಎಣಿಕೆ ಇಟ್ಟುಕೊಂಡಿತ್ತು, 1ರಿಂದ 23. ಆದ್ದರಿಂದ ಭುಜದ ಮೇಲೆ ಬರೀ ‘16’ ಕಂಡರೆ ತೀರ್ಮಾನಕ್ಕೆ ಬರಬೇಡಿ. ಕೋಟು ಯಾವ ರಾಜ್ಯದ್ದು ಅಂತ ಮೊದಲು ಗೊತ್ತಾಗಬೇಕು.

ಭುಜಪಟ್ಟಿಯ ಗುಂಡಿಯ ಮೇಲೆ ಕಂಪನಿಯ ಸಂಖ್ಯೆ ಇರುತ್ತಿತ್ತು. ಸೊಂಟದ ಬಯೊನೆಟ್‌ಗೆ (ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ) ಕಟ್ಟುವ ಗೊಂಡೆಯ ಬಣ್ಣವೂ ಕಂಪನಿ ಹೇಳುತ್ತಿತ್ತು: ಮೊದಲನೆಯದಕ್ಕೆ ಬಿಳಿ, ಎರಡಕ್ಕೆ ಕೆಂಪು, ಮೂರಕ್ಕೆ ಹಳದಿ, ನಾಲ್ಕಕ್ಕೆ ನೀಲಿ. ಶಾಲೆಯಲ್ಲಿ ಹೌಸ್‌ಗಳಿಗೆ ಬಣ್ಣ ಕೊಡುತ್ತಾರಲ್ಲ, ಹಾಗೆ. ಭುಜಪಟ್ಟಿಯ ಅಂಚಿಗೆ ಎರಡು ಬಣ್ಣ ಹೊಸೆದ ದಾರ ಸುತ್ತಿದ್ದರೆ ಅವನು ಒಂದು ವರ್ಷದ ಸ್ವಯಂಸೇವಕ. ಓದಿದ ಮನೆಯ ಹುಡುಗರು ತಮ್ಮ ಬಟ್ಟೆ, ಊಟದ ಖರ್ಚು ತಾವೇ ನೋಡಿಕೊಂಡರೆ ಒಂದೇ ವರ್ಷದ ಸೇವೆ ಸಾಕಾಗುತ್ತಿತ್ತು. ಉಳಿದ ಕಾಲಾಳುಗಳಿಗೆ 1893ರ ನಂತರ ಎರಡು ವರ್ಷ, ಕುದುರೆ ಪಡೆಗೆ ಮೂರು. ಒಂದು ಎಳೆ ದಾರದಲ್ಲಿ ಆ ಸಮಾಜದ ಬಡವ-ಬಲ್ಲಿದ ಭೇದ ಕಾಣುತ್ತದೆ.

ಇನ್ನು ಬಟ್ಟೆಯ ಬಣ್ಣ. ಹೊಗೆ ಬಾರದ ಮದ್ದು, ದೂರ ಹಾರುವ ಗುಂಡು ಬಂದಮೇಲೆ ನೀಲಿ ಕೋಟು ತೊಟ್ಟವನು ದೂರದಿಂದಲೇ ಗುರಿಯಾಗುತ್ತಿದ್ದ. ಬ್ರಿಟಿಷರು ಭಾರತದಲ್ಲಿ ಆಗಲೇ ಖಾಕಿಗೆ ಬದಲಾಗಿದ್ದರು. (ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಅನ್ನೋ ಜರ್ಮನ್ ನೇಕಾರ ಖಾಕಿ ಬಣ್ಣ ತಯಾರಿಸಿದ ಅನ್ನೋ ಮಾತು ಕರಾವಳಿಯಲ್ಲಿ ಎಲ್ಲರ ಬಾಯಲ್ಲಿದೆ.) ಜರ್ಮನರು ಆರಿಸಿದ್ದು ಹಸಿರು ಬೆರೆತ ಬೂದು. ಅದಕ್ಕೆ ಫೆಲ್ಡ್‌ಗ್ರೌ ಅನ್ನುತ್ತಾರೆ, ರಣರಂಗದ ಬೂದು ಅಂತ ಅರ್ಥ. 1910ರಲ್ಲಿ ಈ ಬಣ್ಣದ ಯುದ್ಧದ ಕೋಟು ಬಂತು. 1915ರಲ್ಲಿ ಅದನ್ನೂ ಸರಳ ಮಾಡಿದರು. ಬಟ್ಟೆ ಕಡಿಮೆ, ಹೊಲಿಗೆ ಕಡಿಮೆ.

## ಮೊನೆಯ ಹೆಲ್ಮೆಟ್

ಇದರ ಹೆಸರು ಪಿಕೆಲ್‌ಹಾಬೆ. ಪ್ರಷ್ಯಾದ ರಾಜ ನಾಲ್ಕನೇ ಫ್ರೆಡ್ರಿಕ್ ವಿಲ್‌ಹೆಲ್ಮ್ 1842ರಲ್ಲಿ ಜಾರಿಗೆ ತಂದ. ನೋಡಿದವರು ಇದು ಕಬ್ಬಿಣದ್ದು ಅಂದುಕೊಳ್ಳುತ್ತಾರೆ. ಸಾಮಾನ್ಯ ಸೈನಿಕನ ಹೆಲ್ಮೆಟ್ ಚರ್ಮದ್ದು. ಚರ್ಮವನ್ನು ಗಟ್ಟಿ ಮಾಡಿ, ಅಚ್ಚಿನಲ್ಲಿ ಕೂರಿಸಿ, ಕಪ್ಪು ಮೆರುಗು ಹಚ್ಚುತ್ತಿದ್ದರು. ಮೊನೆ ಮತ್ತು ಲಾಂಛನ ಮಾತ್ರ ಹಿತ್ತಾಳೆ. ಕತ್ತಿಯ ಏಟು ತಡೆಯಬಹುದಿತ್ತು, ಗುಂಡಿನ ಚೂರು ತಡೆಯುತ್ತಿರಲಿಲ್ಲ. ಫಿರಂಗಿ ಪಡೆಯವರಿಗೆ ಮೊನೆ ಬದಲು ದುಂಡನೆಯ ಗುಂಡು ಇತ್ತು.

ಮುಂಭಾಗದ ಲಾಂಛನ ಓದಿದರೆ ರಾಜ್ಯ ತಿಳಿಯುತ್ತದೆ. ಪ್ರಷ್ಯಾಕ್ಕೆ ರೆಕ್ಕೆ ಬಿಚ್ಚಿದ ಹದ್ದು, ‘ದೇವರೊಂದಿಗೆ, ರಾಜನಿಗಾಗಿ, ನಾಡಿಗಾಗಿ’ ಅನ್ನೋ ಬರಹ. ಬವೇರಿಯಾಕ್ಕೆ ಎರಡು ಸಿಂಹ, ‘ನಿಷ್ಠೆಯಲ್ಲಿ ದೃಢ’. ವುರ್ಟೆಂಬರ್ಗ್‌ನದ್ದು ‘ನಿರ್ಭಯ ಮತ್ತು ನಿಷ್ಠ’.

ಯುದ್ಧ ಶುರುವಾದ ಮೇಲೆ ಬ್ರಿಟನ್ನಿನ ಹಡಗುಗಳು ಜರ್ಮನಿಯ ಸಮುದ್ರ ದಾರಿ ಮುಚ್ಚಿದವು. ಹೊರಗಿನ ಚರ್ಮ ಬರೋದು ನಿಂತಿತು. ಆಗ ಉಣ್ಣೆಯ ಮುದ್ದೆ, ತಗಡು, ಇಂಥವುಗಳಲ್ಲೂ ಹೆಲ್ಮೆಟ್ ಮಾಡಿದರು. ಇವಕ್ಕೆ ‘ಎರ್ಸಾಟ್ಸ್’, ಅಂದರೆ ಬದಲಿ, ಅನ್ನೋ ಹೆಸರು. 1915ರ ಮಾದರಿಯಲ್ಲಿ ಹಿತ್ತಾಳೆ ಹೋಗಿ ಬೂದು ಬಣ್ಣದ ಉಕ್ಕು ಬಂತು, ಮೊನೆಯನ್ನು ತೆಗೆದಿಡುವಂತೆ ಮಾಡಿದರು. 1916ರಲ್ಲಿ ಉಕ್ಕಿನ ಹೆಲ್ಮೆಟ್ ಬಂದು ಪಿಕೆಲ್‌ಹಾಬೆಯ ಕಾಲ ಮುಗಿಸಿತು. ಗೆದ್ದ ಅಮೆರಿಕನ್ ಸೈನಿಕರು ಮೊನೆಯ ಹೆಲ್ಮೆಟ್‌ಗಳನ್ನು ನೆನಪಿಗೆ ಮನೆಗೆ ಒಯ್ದರು. 1919ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಸಾವಿರಾರು ಹೆಲ್ಮೆಟ್ ಜೋಡಿಸಿ ಗೋಪುರವನ್ನೇ ಕಟ್ಟಿದ್ದರು. ಇವತ್ತು ಒಳ್ಳೆ ಹೆಲ್ಮೆಟ್‌ಗಳು ಅಮೆರಿಕದ ಅಟ್ಟಗಳಲ್ಲಿ ಸಿಗೋದಕ್ಕೆ ಇದೇ ಕಾರಣ.

## ಕಪ್ಪು ಶಿಲುಬೆ

ಐರನ್ ಕ್ರಾಸ್ ಶುರುವಾದದ್ದು 1813ರ ಮಾರ್ಚ್ 10ರಂದು, ನೆಪೋಲಿಯನ್ ವಿರುದ್ಧದ ಯುದ್ಧದ ಹೊತ್ತಿಗೆ. ಖಜಾನೆ ಬರಿದಾಗಿತ್ತು. ಚಿನ್ನದ ಬದಲು ಕಬ್ಬಿಣ, ಸುತ್ತ ಬೆಳ್ಳಿಯ ಅಂಚು. ಸಾಮಾನ್ಯ ಸೈನಿಕನಿಗೂ ಸೇನಾಪತಿಗೂ ಒಂದೇ ಪದಕ ಅನ್ನೋದು ಆಗ ಪ್ರಷ್ಯಾದಲ್ಲಿ ಹೊಸ ಮಾತು. 1870 ಮತ್ತು 1914ರಲ್ಲಿ ಮತ್ತೆ ಜಾರಿಗೆ ಬಂತು. ಮೊದಲ ಮಹಾಯುದ್ಧದಲ್ಲಿ ಎರಡನೇ ದರ್ಜೆಯದ್ದನ್ನು ಸುಮಾರು 50 ಲಕ್ಷ ಜನರಿಗೆ ಕೊಟ್ಟರು. ಹಾಗಾಗಿ ಇದು ಅಪರೂಪದ ವಸ್ತು ಅಲ್ಲ. ಮಾರುವವನು ‘ಬಹಳ ಅಪರೂಪ’ ಅಂದರೆ ನಂಬಬೇಡಿ.

ಇದು ರೆಜಿಮೆಂಟಿನ ಗೌರವ ಅಲ್ಲ, ವ್ಯಕ್ತಿಗೆ ಸಿಕ್ಕದ್ದು. ಆದರೆ ಪದಕದ ಮೇಲೆ ಅವನ ಹೆಸರು ಇರುವುದಿಲ್ಲ. ಜೊತೆಗೆ ಕೊಟ್ಟ ಕಾಗದದಲ್ಲಿ ಮಾತ್ರ ಹೆಸರು, ರೆಜಿಮೆಂಟ್ ಇರುತ್ತವೆ. ಅದಕ್ಕೇ ಕಾಗದ ಇರುವ ಪದಕಕ್ಕೆ ಬೆಲೆ ಜಾಸ್ತಿ.

## ಅಸಲಿಯೋ ನಕಲಿಯೋ

ನಕಲಿ ಬೇಕಾದಷ್ಟಿದೆ. ನಾಟಕಕ್ಕೆ, ಸಿನಿಮಾಕ್ಕೆ ಅಂತ ಮಾಡಿದ್ದು ಒಂದಷ್ಟು. ಭಾರತದಲ್ಲೇ ತಯಾರಾಗುವ ಮೊನೆಯ ಹೆಲ್ಮೆಟ್‌ಗಳು ಆನ್‌ಲೈನ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ನಕಲು ಅಂತ ಹೇಳಿ ಮಾರಿದರೆ ಅದರಲ್ಲಿ ತಪ್ಪಿಲ್ಲ. ಮೂರನೇ ಕೈಗೆ ಹೋದಾಗ ಅದು ‘ಅಜ್ಜನ ಅಟ್ಟದಲ್ಲಿ ಸಿಕ್ಕಿದ್ದು’ ಆಗಿಬಿಡುತ್ತದೆ.

ನಾನೂ ಒಮ್ಮೆ ಆನ್‌ಲೈನ್‌ನಲ್ಲಿ ಒಂದು ಐರನ್ ಕ್ರಾಸ್ ತರಿಸಿಕೊಂಡು ಮೋಸಹೋಗಿದ್ದೇನೆ. ಫ್ರಿಜ್ ಬಾಗಿಲಿನ ಅಯಸ್ಕಾಂತ ಹಿಡಿದಾಗ ಅಂಟಲೇ ಇಲ್ಲ. ಅಸಲಿಯ ನಡುಭಾಗ ಕಬ್ಬಿಣ, ಅಯಸ್ಕಾಂತಕ್ಕೆ ಅಂಟಬೇಕು. ಜೊತೆಗೆ ನಡುಭಾಗ ಬೇರೆ, ಬೆಳ್ಳಿಯ ಚೌಕಟ್ಟು ಬೇರೆ ಇರಬೇಕು. ಅಂಚಿನಲ್ಲಿ ಬೆಸುಗೆಯ ಗೆರೆ ಕಾಣುತ್ತದೆ. ಒಂದೇ ಎರಕದ್ದಾದರೆ ನಕಲಿ. ಆದರೆ ಅಯಸ್ಕಾಂತಕ್ಕೆ ಅಂಟಿದ್ದೆಲ್ಲ ಅಸಲಿ ಅಂತಲೂ ಅಲ್ಲ. ಯುದ್ಧಕಾಲದಲ್ಲೇ ಕೆಲವರು ಬೇರೆ ಲೋಹದಲ್ಲಿ ಮಾಡಿದ್ದರಿಂದ ಅಂಟದ್ದೆಲ್ಲ ನಕಲಿ ಅಂತಲೂ ಅಲ್ಲ. ಇದನ್ನು ಮೊದಲ ಜರಡಿ ಅಂತಷ್ಟೇ ಇಟ್ಟುಕೊಳ್ಳಿ.

ಹೆಲ್ಮೆಟ್‌ನಲ್ಲಿ ಒಳಗಿನಿಂದ ತೂತು ಎಣಿಸಿ. ಲಾಂಛನ ಹಿಡಿದಿಡಲು ಬೇಕಾದ್ದು ಎರಡು ತೂತು. ನಾಲ್ಕಿದ್ದರೆ ಹಳೆ ಲಾಂಛನ ಕಿತ್ತು ಬೇರೆಯದು ಹಾಕಿದ್ದಾರೆ ಅಂತ ಅರ್ಥ. ಸಾಮಾನ್ಯ ರೆಜಿಮೆಂಟಿನ ಹೆಲ್ಮೆಟ್‌ಗೆ ಅಪರೂಪದ ರೆಜಿಮೆಂಟಿನ ಲಾಂಛನ ಹಚ್ಚಿದರೆ ಬೆಲೆ ಹಲವು ಪಟ್ಟು ಆಗುತ್ತದೆ, ಆಸೆ ಹುಟ್ಟೋದು ಅಲ್ಲೇ. ನೂರು ವರ್ಷದ ಮೆರುಗಿನಲ್ಲಿ ಜೇಡರ ಬಲೆಯಂಥ ಬಿರುಕು ಇರುತ್ತದೆ. ಒಳಗಿನ ಚರ್ಮದಲ್ಲಿ ಬೆವರಿನ ಕಲೆ ಇರುತ್ತದೆ.

ಬಟ್ಟೆಗೆ ಒಂದು ಒಳ್ಳೆ ಪರೀಕ್ಷೆ ಇದೆ. ನೋಟು ಪರೀಕ್ಷೆ ಮಾಡುವ ನೇರಳೆ ದೀಪವನ್ನು ಕತ್ತಲಲ್ಲಿ ಹಿಡಿಯಿರಿ. ಬಟ್ಟೆಯನ್ನು ಬೆಳ್ಳಗೆ ಹೊಳೆಸುವ ರಾಸಾಯನಿಕ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ. ಹಾಗಾಗಿ 1910ರ ಕೋಟಿನ ಹೊಲಿಗೆ ದಾರ ನೀಲಿಯಾಗಿ ಹೊಳೆದರೆ ಅನುಮಾನ ಪಡಿ. ಈಚೆಗೆ ಒಗೆಯುವ ಪುಡಿಯಲ್ಲಿ ಒಗೆದ ಹಳೆ ಬಟ್ಟೆಯೂ ಹೊಳೆಯುತ್ತದೆ. ಒಂದೇ ಪರೀಕ್ಷೆ ನೆಚ್ಚಿಕೊಳ್ಳಬಾರದು.

## ಒಳಗಿನ ಮುದ್ರೆ, ಅದರ ಹಿಂದಿನ ಮನುಷ್ಯ

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಕೋಟಿನ ಒಳಪದರ, ಹೆಲ್ಮೆಟ್‌ನ ಹಿಂಬದಿಯ ಚರ್ಮ, ಅಲ್ಲಿ ಶಾಯಿಯ ಮುದ್ರೆಗಳಿರುತ್ತವೆ. ಬಟ್ಟೆ ಉಗ್ರಾಣದ ಹೆಸರು ಮತ್ತು ವರ್ಷ. ‘ಬಿ.ಎ.’ ಅಂದರೆ ಬಟ್ಟೆ ಉಗ್ರಾಣ, ಜೊತೆಗೆ ಕೋರ್‌ನ ರೋಮನ್ ಸಂಖ್ಯೆ. ಅದರ ಕೆಳಗೆ ರೆಜಿಮೆಂಟ್, ಬೆಟಾಲಿಯನ್, ಕಂಪನಿ. ಒಂದು ಕೋಟು ಒಂದು ಪಡೆಯಿಂದ ಇನ್ನೊಂದಕ್ಕೆ ಹೋದರೆ ಹಳೆಯದನ್ನು ಹೊಡೆದುಹಾಕಿ ಹೊಸ ಮುದ್ರೆ ಒತ್ತುತ್ತಿದ್ದರು. ಸಾರ್ವಜನಿಕ ಗ್ರಂಥಾಲಯದ ಪುಸ್ತಕದ ಹಿಂದೆ ಅಂಟಿಸಿದ ಚೀಟಿ ನೋಡಿದ್ದೀರಲ್ಲ, ತಾರೀಕಿನ ಮೇಲೆ ತಾರೀಕು. ಅದೇ ಥರ. ಮುದ್ರೆ ಇಲ್ಲದ್ದೆಲ್ಲ ನಕಲಿ ಅಲ್ಲ. ಅನುಕೂಲ ಇದ್ದವರು, ಅಧಿಕಾರಿಗಳು ಸ್ವಂತ ದುಡ್ಡಲ್ಲಿ ದರ್ಜಿಯ ಹತ್ತಿರ ಹೊಲಿಸಿಕೊಳ್ಳುತ್ತಿದ್ದರು.

ಮುದ್ರೆಯ ಜೊತೆ ಹೆಸರೂ ಸಿಕ್ಕರೆ ಹುಡುಕಾಟ ಮುಂದುವರಿಯಬಹುದು. ಇಲ್ಲಿ ರಾಜ್ಯ ಮುಖ್ಯವಾಗುತ್ತದೆ. ಪ್ರಷ್ಯಾದ ಸೇನಾ ದಾಖಲೆಗಳು ಪೋಟ್ಸ್‌ಡಾಮ್‌ನಲ್ಲಿದ್ದವು. 1945ರ ಏಪ್ರಿಲ್‌ನ ಬಾಂಬ್ ದಾಳಿಯಲ್ಲಿ ಬಹುಪಾಲು ಸುಟ್ಟುಹೋದವು. ಬವೇರಿಯಾದ ದಾಖಲೆಗಳು ಮ್ಯೂನಿಕ್‌ನ ಯುದ್ಧ ದಾಖಲೆಗಾರದಲ್ಲಿ ಉಳಿದಿವೆ. ಪ್ರತಿ ಸೈನಿಕನ ಊರು, ಕಸುಬು, ಗಾಯ, ರಜೆ, ಎಲ್ಲ ಬರೆದ ಪಟ್ಟಿಗಳಿವೆ. ಹಾಗಾಗಿ ಬವೇರಿಯಾದ ಕೋಟಿನ ಒಡೆಯನನ್ನು ಅವನ ಹಳ್ಳಿಯವರೆಗೆ ಹುಡುಕಬಹುದು. ಪ್ರಷ್ಯಾದವನಿಗೆ ಉಳಿದ ದಾರಿ, ಯುದ್ಧದ ಉದ್ದಕ್ಕೂ ಅಚ್ಚಾದ ಸತ್ತವರ, ಗಾಯಗೊಂಡವರ ಪಟ್ಟಿ. ಅದನ್ನು ವಂಶಾವಳಿ ಹುಡುಕುವ ಜರ್ಮನ್ ಸಂಘವೊಂದು ಅಂತರ್ಜಾಲಕ್ಕೆ ಏರಿಸಿದೆ, ಯಾರು ಬೇಕಾದರೂ ಹುಡುಕಬಹುದು.

## ಕಾನೂನು ಏನು ಹೇಳುತ್ತದೆ

ಜರ್ಮನಿಯ ದಂಡ ಸಂಹಿತೆಯ 86ಎ ಕಲಂ ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ತೋರಿಸುವುದನ್ನು ನಿಷೇಧಿಸುತ್ತದೆ. ಮೂರು ವರ್ಷದವರೆಗೆ ಜೈಲು ಆಗಬಹುದು. ಸಂತೆಯಲ್ಲಿ ಕೆಲವು ಪದಕಗಳ ಮೇಲೆ ಸ್ಟಿಕರ್ ಅಂಟಿಸಿರೋದು ಇದಕ್ಕೇ. 1918ಕ್ಕೆ ಮುಂಚಿನ ಹದ್ದು, ಕಿರೀಟ, ಕಪ್ಪು ಶಿಲುಬೆಗೆ ಈ ಕಲಂ ತಗಲುವುದಿಲ್ಲ. ಆದರೂ ಸಾಮ್ರಾಜ್ಯದ ಹಳೆ ಯುದ್ಧ ಬಾವುಟವನ್ನು ಇವತ್ತಿನ ತೀವ್ರ ಬಲಪಂಥೀಯ ಗುಂಪುಗಳು ಹಿಡಿಯುತ್ತವೆ. ಬ್ರೆಮೆನ್ ರಾಜ್ಯ 2020ರಲ್ಲಿ ಅದನ್ನು ಸಾರ್ವಜನಿಕವಾಗಿ ತೋರಿಸದಂತೆ ಆದೇಶ ಹೊರಡಿಸಿತು. ಆದ್ದರಿಂದ ಮನೆಯಲ್ಲಿ ಇಟ್ಟುಕೊಳ್ಳೋದು ಬೇರೆ, ತೊಟ್ಟುಕೊಂಡು ಬೀದಿಗೆ ಹೋಗೋದು ಬೇರೆ.

ಊರಿಗೆ ತರುವವರು ಎರಡು ವಿಷಯ ನೋಡಿಕೊಳ್ಳಬೇಕು. ಬಯೊನೆಟ್, ಕತ್ತಿ ಆಯುಧ ಕಾಯ್ದೆಯ ಅಡಿ ಬರಬಹುದು, ಕೇಳದೆ ತರಬೇಡಿ. ಇನ್ನೊಂದು, ಭಾರತದ 1972ರ ಪುರಾತನ ವಸ್ತು ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳನ್ನು ಪುರಾತನ ಅಂತ ಲೆಕ್ಕ ಹಾಕುತ್ತದೆ, ಅಂಥವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ತಂದದ್ದನ್ನು ಮುಂದೆ ವಾಪಸ್ ಒಯ್ಯುವ ಯೋಚನೆ ಇದ್ದರೆ ಮೊದಲೇ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ, ಕೊಂಡ ರಸೀದಿ ಜೋಪಾನ ಮಾಡಿ.

## ಅಮ್ಮನ ರೇಷ್ಮೆ ಸೀರೆಯಂತೆ

ಹಳೆ ರೇಷ್ಮೆ ಸೀರೆ ಕಾಪಾಡಿದವರಿಗೆ ಉಣ್ಣೆ ಕೋಟು ಕಾಪಾಡೋದು ಹೊಸದಲ್ಲ. ತಂತಿಯ ಹ್ಯಾಂಗರ್‌ಗೆ ನೇತುಹಾಕಬೇಡಿ, ಭುಜ ಹರಿಯುತ್ತದೆ. ಮಡಿಸಿಟ್ಟರೆ ವರ್ಷಕ್ಕೆರಡು ಸಲ ಮಡಿಕೆ ಬದಲಿಸಿ. ಪ್ಲಾಸ್ಟಿಕ್ ಚೀಲ ಬೇಡ, ಒಗೆದ ಬಿಳಿ ಹತ್ತಿ ಬಟ್ಟೆ ಸಾಕು. ಬಿಸಿಲು ಬೀಳಬಾರದು. ಉಣ್ಣೆಗೆ ನುಸಿ ಹಿಡಿಯುತ್ತದೆ, ಆಗಾಗ ಬಿಚ್ಚಿ ನೋಡಬೇಕು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಬೂಷ್ಟು ಚರ್ಮಕ್ಕೆ ದೊಡ್ಡ ಶತ್ರು.

ಹೊಳಪು ಬರಲಿ ಅಂತ ಹೆಲ್ಮೆಟ್‌ಗೆ ಎಣ್ಣೆ, ಬೂಟ್ ಪಾಲಿಶ್ ಹಚ್ಚಬೇಡಿ. ಪದಕವನ್ನು ಹುಣಸೆಹಣ್ಣಿನಿಂದ ಉಜ್ಜಬೇಡಿ. ಒಮ್ಮೆ ಹೋದ ಹಳೆಯ ಬಣ್ಣ ಮತ್ತೆ ಬರುವುದಿಲ್ಲ.

## ಎಲ್ಲಿಂದ ಶುರು ಮಾಡೋದು

ಮೊದಲು ಕೊಳ್ಳಬೇಡಿ, ನೋಡಿ. ಇಂಗೊಲ್‌ಸ್ಟಾಟ್‌ನಲ್ಲಿ ಬವೇರಿಯಾದ ಸೇನಾ ವಸ್ತುಸಂಗ್ರಹಾಲಯ ಇದೆ. ಡ್ರೆಸ್ಡೆನ್‌ನಲ್ಲಿ ಜರ್ಮನ್ ಸೇನೆಯ ದೊಡ್ಡ ಸಂಗ್ರಹಾಲಯ, ರಸ್ಟಾಟ್‌ನ ಅರಮನೆಯಲ್ಲಿ ಇನ್ನೊಂದು. ಹತ್ತು ಅಸಲಿ ಕೋಟು ಹತ್ತಿರದಿಂದ ನೋಡಿದ ಕಣ್ಣಿಗೆ ನಕಲಿ ತಾನಾಗಿ ಚುಚ್ಚುತ್ತದೆ.

ಕೊಳ್ಳುವುದಾದರೆ ಸಣ್ಣದರಿಂದ ಶುರುಮಾಡಿ. ಸೇವೆ ಮುಗಿಸಿ ಮನೆಗೆ ಹೋಗುವವರು ಬಿಯರ್ ಮಗ್ ಮಾಡಿಸಿಕೊಳ್ಳುತ್ತಿದ್ದರು. ಅದರ ಮೇಲೆ ತನ್ನ ಹೆಸರು, ರೆಜಿಮೆಂಟ್, ವರ್ಷ, ಜೊತೆಗಾರರ ಹೆಸರುಗಳ ಸಾಲು ಎಲ್ಲ ಇರುತ್ತವೆ. ಇದರಲ್ಲೂ ನಕಲಿ ಜಾಸ್ತಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆ ಆರಂಭ ಫೋಟೋ ಕಾರ್ಡ್. ಯುದ್ಧಕ್ಕೆ ಹೊರಡುವ ಮುಂಚೆ ಹುಡುಗರು ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿ ಮನೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಬೆಲೆ ಕಡಿಮೆ, ನಕಲಿ ಅಪರೂಪ. ಭುಜ, ಗುಂಡಿ, ಗೊಂಡೆ ಓದುವ ಅಭ್ಯಾಸವೂ ಆಗುತ್ತದೆ.

ಅಕ್ಕನ ಮಗಳು ಮುಂದಿನ ಶನಿವಾರ ಒಂದು ಸಣ್ಣ ನೇರಳೆ ದೀಪ ತಗೊಂಡು ಮತ್ತೆ ಆ ಅಂಗಡಿಗೆ ಹೋದಳು. ಮಾರುವವರ ಅನುಮತಿ ಕೇಳಿ, ಮೇಜಿನ ಕೆಳಗಿನ ನೆರಳಲ್ಲಿ ಪಟ್ಟಿಗೆ ಬೆಳಕು ಹಿಡಿದಳು. ‘ಜಿಬ್ರಾಲ್ಟರ್’ ಅಕ್ಷರಗಳು ದೀಪಾವಳಿಯ ಮತಾಪಿನಂತೆ ಹೊಳೆದವಂತೆ. ಅವಳು ಅದನ್ನು ವಾಪಸ್ ಇಟ್ಟು, ಪಕ್ಕದ ಡಬ್ಬಿಯಲ್ಲಿದ್ದ ಹಳೆ ಫೋಟೋ ಕಾರ್ಡುಗಳನ್ನು ಒಂದೊಂದಾಗಿ ತಿರುವಿದಳು. ಸಿಕ್ಕಿದ್ದು ಒಬ್ಬ ಹುಡುಗನ ಫೋಟೋ. ಬಲತೋಳಿನ ತುದಿಯಲ್ಲಿ ಅದೇ ಪಟ್ಟಿ, ಅರ್ಧ ಮಡಿಕೆಯಲ್ಲಿ ಮುಚ್ಚಿ ‘ಬ್ರಾಲ್ಟರ್’ ಅಂತ ಮಾತ್ರ ಕಾಣುತ್ತದೆ. ಭುಜದ ಮೇಲೆ 79. ಹಿಂದೆ ಪೆನ್ಸಿಲಿನಲ್ಲಿ ಎರಡು ಸಾಲು ಇದೆ, ಹಳೆಯ ಜರ್ಮನ್ ಕೈಬರಹ. ಅದನ್ನು ಓದೋದು ಕಲಿಯಬೇಕು ಅಂತ ಈಗ ಅವಳು ಹಟ ಹಿಡಿದಿದ್ದಾಳೆ.